ಆಪ್ಟಿಮೈಸೇಶನ್ ಹಿಡಿದ ಮಗಳಿಗೆ

ಪ್ರೀತಿಯ ಪುಟ್ಟಿ,

ಎಂಎಸ್ಸಿ ಆದ ಮೇಲೆ ಆಪ್ಟಿಮೈಸೇಶನ್‌ನಲ್ಲೇ, ಅಂದರೆ ನಿರ್ಬಂಧಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ ಗಣಿತದಲ್ಲೇ, ಪಿಎಚ್‌ಡಿ ಮಾಡುತ್ತೇನೆ ಎಂದಿದ್ದೀಯ. ತುಂಬ ಸಂತೋಷ. ಈ ದಾರಿಯಲ್ಲಿ ನಿಜವಾಗಿ ಏನು ಕೆಲಸವಿರುತ್ತದೆ ಎಂಬುದನ್ನು ಈಗಲೇ ಬರೆದುಬಿಡುತ್ತೇನೆ.

ಉತ್ತರ ಹುಡುಕಿ ಕೊಡಲು ಸಾಲ್ವರ್ ಎಂಬ ಸಾಫ್ಟ್‌ವೇರ್‌ಗಳಿವೆ. ಅದಕ್ಕಿಂತ ಒಳ್ಳೆಯದು ಸಾಧ್ಯವೇ ಇಲ್ಲ ಎಂದು ತೋರಿಸಿಕೊಡುವವರು ಕಡಿಮೆ. ನೀನು ಆ ಸಾಲಿಗೆ ಸೇರಬೇಕು. ಸಣ್ಣ ಲೆಕ್ಕ ನೋಡು: ಕ ಮತ್ತು ಖ ಸೊನ್ನೆಗಿಂತ ಕಡಿಮೆ ಇರಬಾರದು, ಕ + ಖ 4ನ್ನು ಮೀರಬಾರದು, ಕ 3ನ್ನು ಮೀರಬಾರದು, 3ಕ + 2ಖ ಗರಿಷ್ಠ ಎಷ್ಟು? ಕ = 3, ಖ = 1 ಹಾಕಿದರೆ 11. ಇನ್ನೂ ಹೆಚ್ಚು ಬರಬಹುದೇ? ಕ + ಖ ಮೇಲಿನ ನಿರ್ಬಂಧವನ್ನು 2ರಿಂದ ಗುಣಿಸಿ, ಕ ಒಂದರ ಮೇಲಿನ ನಿರ್ಬಂಧವನ್ನು 1ರಿಂದ ಗುಣಿಸಿ ಕೂಡಿಸು: 3ಕ + 2ಖ ಎಂದೂ 11ನ್ನು ಮೀರದು. ಇನ್ನು ಹುಡುಕುವುದೇ ಬೇಡ. ಆ 2 ಮತ್ತು 1 ಬೆಲೆಗಳೂ ಹೌದು: 4ರ ಮಿತಿಯನ್ನು 5 ಮಾಡಿದರೆ ಗರಿಷ್ಠ ಮೊತ್ತ 2 ಏರಿ 13 ಆಗುತ್ತದೆ. ಡ್ಯುಯಾಲಿಟಿ ಎಂದರೆ ಇದೇ. ಬೇರೆಲ್ಲ ಪಾಠ ಮರೆತರೂ ಇದೊಂದು ಬೆರಳ ತುದಿಯಲ್ಲಿರಲಿ. ದೊಡ್ಡ ಸಮಸ್ಯೆ ಅರ್ಧಕ್ಕೆ ನಿಂತಾಗಲೂ ‘ಈ ಉತ್ತರ ಅತ್ಯುತ್ತಮಕ್ಕಿಂತ 2%ಗಿಂತ ಹೆಚ್ಚು ಹಿಂದಿಲ್ಲ’ ಎಂದು ಖಚಿತವಾಗಿ ಹೇಳುವ ಬಲ ಇದರಿಂದಲೇ ಬರುತ್ತದೆ.

ಮುಂದಿನದು ಮಾಡೆಲ್ ಬರೆಯುವುದು, ಅಂದರೆ ಸಮಸ್ಯೆಯನ್ನು ಗಣಿತದ ಸಾಲುಗಳಾಗಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಗೋದಾಮು ತೆರೆಯಬೇಕೇ ಬೇಡವೇ ಎಂಬುದಕ್ಕೆ 0 ಅಥವಾ 1 ಮಾತ್ರ ಆಗುವ ಒಂದು ಬೈನರಿ ವೇರಿಯಬಲ್, 100 ಗ್ರಾಹಕರು ಎಂದುಕೊ. ನೂರೂ ಗ್ರಾಹಕರನ್ನು ಕೂಡಿಸಿ ‘ಮೊತ್ತ 100 × ಗೋದಾಮನ್ನು ಮೀರಬಾರದು’ ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ಪೂರ್ಣಾಂಕಗಳ ಮಟ್ಟಿಗೆ ಅದು ಸರಿಯೇ. ಆದರೆ ಸಾಲ್ವರ್ ಮೊದಲು ಪೂರ್ಣಾಂಕದ ಷರತ್ತನ್ನು ಸಡಿಲಿಸಿ ಬಿಡಿಸುತ್ತದೆ. ಆಗ ಒಬ್ಬ ಗ್ರಾಹಕನಿಗಾಗಿ ಗೋದಾಮನ್ನು 0.01ರಷ್ಟು ‘ತೆರೆದರೆ’ ಸಾಕಾಗಿಬಿಡುತ್ತದೆ, ಖರ್ಚೂ ನೂರರಲ್ಲಿ ಒಂದು ಪಾಲು. ಸಿಗುವ ಮಿತಿ ತೀರಾ ದುರ್ಬಲ, ಸಾಲ್ವರ್ ಒಂದೊಂದೇ ಆಯ್ಕೆಯನ್ನು ಕವಲೊಡೆಸಿ ನೋಡುವ ಹುಡುಕಾಟದ ಮರ ಬೆಳೆಯುತ್ತಲೇ ಹೋಗುತ್ತದೆ. ‘ಈ ಗ್ರಾಹಕನ ಪಾಲು ಗೋದಾಮನ್ನು ಮೀರಬಾರದು’ ಎಂದು ಗ್ರಾಹಕನಿಗೊಂದರಂತೆ 100 ಸಾಲು ಬರೆ. ಮಾಡೆಲ್ ದೊಡ್ಡದಾದರೂ ಸಾಮಾನ್ಯವಾಗಿ ಎಷ್ಟೋ ಬೇಗ ಮುಗಿಯುತ್ತದೆ.

ಬಿಗ್-ಎಂ ಬಳಸುವಾಗಲೂ ಜಾಗ್ರತೆ: ಯಂತ್ರ ಮುಚ್ಚಿದ್ದರೆ ಉತ್ಪಾದನೆ ಸೊನ್ನೆ ಎನ್ನಲು ‘ಉತ್ಪಾದನೆ ಎಂ × ಯಂತ್ರವನ್ನು ಮೀರಬಾರದು’ ಎಂದು ಬರೆಯುವಾಗಿನ ದೊಡ್ಡ ಸಂಖ್ಯೆ ಅದು. ಸಾಲ್ವರ್‌ಗಳು 0.00001ರಷ್ಟು ಮೌಲ್ಯವನ್ನು ಸೊನ್ನೆ ಎಂದೇ ಒಪ್ಪಿಕೊಳ್ಳುವುದುಂಟು. ಎಂ ಜಾಗದಲ್ಲಿ 10 ಲಕ್ಷ ಹಾಕಿದ್ದರೆ, ಮುಚ್ಚಿದ ಯಂತ್ರದಿಂದಲೂ 10 ಘಟಕ ಉತ್ಪಾದನೆ ಹೊರಬರುತ್ತದೆ! ಯಂತ್ರದ ಸಾಮರ್ಥ್ಯ 500 ಇದ್ದರೆ ಎಂ ಕೂಡ 500 ಇರಲಿ.

ನಿರಂತರ ವೇರಿಯಬಲ್‌ಗಳ ಲೋಕದಲ್ಲಿ ತೊಂದರೆ ಬೇರೆ ಬಗೆಯದು. ಕಂಡಿಶನ್ ನಂಬರ್ (ಅತಿ ಕಡಿದಾದ ದಿಕ್ಕಿನ ಬಾಗಿಗೂ ಅತಿ ಚಪ್ಪಟೆ ದಿಕ್ಕಿನ ಬಾಗಿಗೂ ಇರುವ ಅನುಪಾತ) 100 ಇರುವ ಕ್ವಾಡ್ರಾಟಿಕ್ (ವರ್ಗಪದಗಳ) ಸಮಸ್ಯೆಯಲ್ಲಿ, ಅತ್ಯುತ್ತಮವಾದ ಸ್ಥಿರ ಹೆಜ್ಜೆ ಇಟ್ಟರೂ, ಇಳಿಜಾರು ಹಿಡಿದು ಕೆಳಗಿಳಿಯುವ ಗ್ರೇಡಿಯೆಂಟ್ ಡಿಸೆಂಟ್ ವಿಧಾನದ ದೋಷ ಪ್ರತಿ ಹೆಜ್ಜೆಗೆ ಸುಮಾರು 2% ಮಾತ್ರ ಕುಗ್ಗುತ್ತದೆಂದೇ ಲೆಕ್ಕ ಹಿಡಿಯಬೇಕು. ದೋಷ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಸುಮಾರು 690 ಹೆಜ್ಜೆ. ಕಂಡಿಶನ್ ನಂಬರ್ 10,000 ಆದರೆ 69,000. ಒಂದು ವೇರಿಯಬಲ್ ಮೀಟರ್‌ನಲ್ಲಿ, ಇನ್ನೊಂದು ಮೈಕ್ರೊಮೀಟರ್‌ನಲ್ಲಿ ಇದ್ದರೂ ಇದೇ ಗತಿಯಾಗಬಹುದು. ಹೊಸ ಅಲ್ಗಾರಿದಮ್ ಹುಡುಕುವ ಮೊದಲು ಅಳತೆಗಳನ್ನು ಸರಿದೂಗಿಸು. ಗ್ರೇಡಿಯೆಂಟನ್ನು (ಇಳಿಜಾರಿನ ಸೂತ್ರವನ್ನು) ಕೈಯಾರೆ ಬರೆದಿದ್ದರೆ ಎರಡೂ ಬದಿಗೆ 0.00001 ಸರಿಸಿ ವ್ಯತ್ಯಾಸದಿಂದ ತಾಳೆ ನೋಡು. ಆರೇಳು ಅಂಕಿ ಹೊಂದಬೇಕು. ಹೆಜ್ಜೆಯನ್ನು ಇನ್ನೂ ತೀರಾ ಚಿಕ್ಕದು ಮಾಡಿದರೆ ಕಂಪ್ಯೂಟರಿನ 16 ಅಂಕಿಗಳೇ ಸಾಲದೆ ಉತ್ತರ ಕೆಡುತ್ತದೆ.

ಸಿದ್ಧಾಂತಕ್ಕೂ ಬಳಕೆಗೂ ಇರುವ ನಂಟು ಈ ಕ್ಷೇತ್ರದ ಸೊಗಸು. ಡ್ಯಾಂಟ್ಸಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ ಮೂಲೆಯಿಂದ ಮೂಲೆಗೆ ಸಾಗಿ ಉತ್ತರ ಹುಡುಕುತ್ತದೆ. ಅದು ಘನಾಕೃತಿಯೊಂದರ ಎಲ್ಲ ಮೂಲೆಗಳನ್ನೂ ಸುತ್ತಿಬರುವಂಥ ಲೆಕ್ಕವನ್ನು ಕ್ಲೀ ಮತ್ತು ಮಿಂಟಿ 1972ರಲ್ಲಿ ಕಟ್ಟಿದರು. ಖಚಿಯಾನ್ 1979ರಲ್ಲಿ ಬಹುಪದೀಯ ಸಮಯದಲ್ಲಿ, ಅಂದರೆ ಸಮಸ್ಯೆ ದೊಡ್ಡದಾದರೂ ಸಮಯ ಸ್ಫೋಟಿಸದಂತೆ, ಮುಗಿಯುವ ವಿಧಾನ ತೋರಿಸಿದರು. ಬಳಕೆಗಿಳಿದಾಗ ಅದು ನಿಧಾನ. ಕರ್ಮಾರ್ಕರ್ ಅವರ 1984ರ ವಿಧಾನ ಎರಡೂ ಕಡೆ ಗೆದ್ದಿತು. ಸಿಂಪ್ಲೆಕ್ಸ್ ಇಂದಿಗೂ ಬಳಕೆಯಲ್ಲಿದೆ: ಒಂದು ನಿರ್ಬಂಧ ಬದಲಾದರೆ ಹಿಂದಿನ ಉತ್ತರದಿಂದಲೇ ಮುಂದುವರಿಯಲು ಅದಕ್ಕೆ ಸಮನಾದದ್ದಿಲ್ಲ.

ಕಂಪನಿ ಸೇರಿದರೆ ವಿಮಾನ ಸಿಬ್ಬಂದಿಯ ಪಾಳಿ, ವಿದ್ಯುತ್ ಘಟಕಗಳ ವೇಳಾಪಟ್ಟಿ, ಲಾರಿಗಳ ಮಾರ್ಗ ಇಂಥವು ಬರುತ್ತವೆ. ಬಹಳಷ್ಟು ಸಮಯ ಡೇಟಾ ಶುದ್ಧ ಮಾಡಲು, ಎಲ್ಲೂ ಬರೆದಿಡದ ನಿಯಮಗಳನ್ನು ಕೆಲಸಗಾರರ ಬಾಯಿಂದ ತಿಳಿಯಲು ಹೋಗುತ್ತದೆ. ಬೇಸರಪಡಬೇಡ, ಅದೂ ಗಣಿತದ ಭಾಗವೇ. ಒಂದು ಆರ್ಡರ್ ಬದಲಾದದ್ದಕ್ಕೆ ಇಡೀ ವೇಳಾಪಟ್ಟಿ ತಲೆಕೆಳಗಾದರೆ ಯಾರೂ ಅದನ್ನು ಬಳಸುವುದಿಲ್ಲ. ನಿನ್ನೆಯ ಪಟ್ಟಿಯಿಂದ ದೂರ ಸರಿದಷ್ಟೂ ದಂಡ ಬೀಳುವಂತೆ ಆಬ್ಜೆಕ್ಟಿವ್‌ನಲ್ಲೇ (ಗರಿಷ್ಠ ಇಲ್ಲವೇ ಕನಿಷ್ಠ ಮಾಡಬೇಕಾದ ಸೂತ್ರದಲ್ಲೇ) ಒಂದು ಪದ ಸೇರಿಸು.

ಸಂಶೋಧನೆಯಲ್ಲೇ ಉಳಿದರೆ ಪ್ರಮೇಯದ ಜೊತೆಗೆ ಪ್ರಯೋಗವೂ ಪ್ರಾಮಾಣಿಕವಾಗಿರಬೇಕು. ಸಾಲುಗಳ ಕ್ರಮ ಬದಲಿಸಿದರೂ ಸಾಲ್ವರ್ ತೆಗೆದುಕೊಳ್ಳುವ ಸಮಯ ಎಷ್ಟೋ ಪಟ್ಟು ಬದಲಾಗಬಹುದು. ಒಂದೇ ಓಟ ನೋಡಿ ನನ್ನದು ವೇಗ ಎನ್ನಬೇಡ. ಹಲವು ರ‍್ಯಾಂಡಮ್ ಸೀಡ್‌ಗಳಲ್ಲಿ (ಯಾದೃಚ್ಛಿಕ ಆಯ್ಕೆಗಳ ಆರಂಭಸಂಖ್ಯೆಗಳಲ್ಲಿ), ಮಿಪ್‌ಲಿಬ್‌ನಂಥ ಸಾರ್ವಜನಿಕ ಸಮಸ್ಯಾಸಂಗ್ರಹದ ಮೇಲೆ ಓಡಿಸು. ಗೈಡ್ ಆರಿಸುವಾಗ ಅವರ ಹೆಸರಿಗಿಂತ ಅವರ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ, ಅವರ ಕೋಡ್ ಬೇರೆಯವರ ಕೈಯಲ್ಲಿ ಓಡುತ್ತದೆಯೇ ಎಂದು ವಿಚಾರಿಸು.

ಈ ರಜೆಯಲ್ಲಿ ಲೀನಿಯರ್ ಆಲ್ಜೀಬ್ರಾ ಮತ್ತೊಮ್ಮೆ ಓದಿ, ಸಿಂಪ್ಲೆಕ್ಸನ್ನು ನೀನೇ ಕೋಡ್ ಮಾಡು. ಒಂದೇ ಮೂಲೆಯಲ್ಲಿ ಸುತ್ತತೊಡಗಿದರೆ ಬ್ಲಾಂಡ್ ಅವರ 1977ರ ನಿಯಮ ಹಾಕು: ಆಧಾರಕ್ಕೆ (ಮೂಲೆಯನ್ನು ಗುರುತಿಸುವ ವೇರಿಯಬಲ್‌ಗಳ ಗುಂಪಿಗೆ) ಬರುವುದಕ್ಕೂ ಅಲ್ಲಿಂದ ಹೋಗುವುದಕ್ಕೂ ಅರ್ಹವಾದವುಗಳಲ್ಲಿ ಅತಿ ಚಿಕ್ಕ ಕ್ರಮಸಂಖ್ಯೆಯದನ್ನೇ ಆರಿಸುವುದು. ಬಂದ ಉತ್ತರವನ್ನು ಉಚಿತವಾಗಿ ಸಿಗುವ ಹೈಸ್ ಸಾಲ್ವರ್‌ನ ಉತ್ತರದ ಜೊತೆ ಹೋಲಿಸು. ಮೇಲೆ ಹೇಳಿದ 2 ಮತ್ತು 1ರಂಥ ಡ್ಯುಯಲ್ ಬೆಲೆಗಳನ್ನೂ ತಾಳೆ ನೋಡು. ಹೊಂದದ ಲೆಕ್ಕಗಳಿದ್ದರೆ ನನಗೆ ಕಳಿಸು, ಕೂತು ನೋಡೋಣ.

ನಿನ್ನ
ಅಮ್ಮ