ಭಾನುವಾರದ ಮಾತುಕತೆ: ತೂಕವೇ ಇಲ್ಲದ ಕಡೆ ಭಾರ ಎತ್ತುವುದು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಗಗನಯಾತ್ರಿಗಳ ಸ್ನಾಯು ಸವೆತದ ಬಗ್ಗೆ ಮಾತಾಡೋಣ. ಕಳೆದ ಸಲ ಒಬ್ಬರು, "ಅಲ್ಲಿ ಡಂಬೆಲ್ ಎತ್ತಿ ಏನು ಪ್ರಯೋಜನ?" ಅಂತ ಕೇಳಿದ್ದರು. ಒಳ್ಳೆ ಪ್ರಶ್ನೆ. ಅಲ್ಲಿ ಡಂಬೆಲ್ ಸುಮ್ನೆ ತೇಲುತ್ತದೆ.

ಅದಕ್ಕೇ 2008ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ‘ಎಆರ್‌ಇಡಿ’ ಅನ್ನೋ ಭಾರ ಎತ್ತುವ ವ್ಯಾಯಾಮದ ಯಂತ್ರ ಹೋಯಿತು. ಅದರಲ್ಲಿ ಎರಡು ಸಿಲಿಂಡರ್, ಒಳಗೆ ನಿರ್ವಾತ, ಅಂದರೆ ಗಾಳಿಯೇ ಇಲ್ಲ. ಹೆಗಲ ಮೇಲಿನ ಸರಳನ್ನು ಎತ್ತಿದಾಗ ಪಿಸ್ಟನ್ ಹೊರಕ್ಕೆ ಬರುತ್ತದೆ, ಹೊರಗಿನ ಗಾಳಿಯ ಒತ್ತಡ ಅದನ್ನು ವಾಪಸ್ ಒಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೇ ಭಾರ. ಸುಮಾರು 270 ಕಿಲೊವರೆಗೂ ಹೊಂದಿಸಬಹುದು. ಹಳೆಯ ಯಂತ್ರದಲ್ಲಿ ಅದರ ಅರ್ಧ ಮಾತ್ರ ಇತ್ತು, ಸಾಲುತ್ತಿರಲಿಲ್ಲ. ಇಲ್ಲಿ ಬಸ್ಕಿ ಹೊಡೆಯುವಾಗ ನಮ್ಮ ಮೈಭಾರವನ್ನೂ ಎತ್ತುತ್ತೇವೆ ಅಲ್ವಾ? ಅಲ್ಲಿ ಅದೂ ಇಲ್ಲ. ಹಾಗಾಗಿ ಭಾರ ಜಾಸ್ತಿಯೇ ಬೇಕು.

ಟ್ರೆಡ್‌ಮಿಲ್, ಸೈಕಲ್ ಸೇರಿ ದಿನಕ್ಕೆ ಎರಡು ಗಂಟೆ ವ್ಯಾಯಾಮ. ತೊಡೆ, ಮೀನಖಂಡ, ಬೆನ್ನು ಬೇಗ ಸೊರಗುತ್ತವೆ, ಬಿಡುವಂತಿಲ್ಲ.

ಇನ್ನೊಂದು ಖುಷಿಯ ವಿಷಯ: 2025ರಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿ ಮಾಡಿದ ಸ್ನಾಯುಕೋಶದ ಪ್ರಯೋಗ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯದ್ದು. ಅದಕ್ಕೆ ಅರ್ಧ ಗಂಟೆ ಇಟ್ಟಿದ್ದೇನೆ. ಪ್ರಶ್ನೆಗಳಿದ್ದರೆ ಶನಿವಾರದೊಳಗೆ ಇಲ್ಲೇ ಹಾಕಿ. ಮಕ್ಕಳನ್ನೂ ಕರೆತನ್ನಿ.