ಏರ್ ಫಿಲ್ಟರ್‌ನಲ್ಲಿ ಉಳಿಸಿದ ಸಾವಿರ ರೂಪಾಯಿ

ಮಾನ್ಯ ಸಂಪಾದಕರೇ,

ಡೀಸೆಲ್ ದರ ಏರಿದಾಗಲೆಲ್ಲ ನಿಮ್ಮ ಪತ್ರಿಕೆಗೆ ಲಾರಿಯವರ ಪತ್ರಗಳು ಬರುತ್ತವೆ. ಟೋಲ್ ಬಗ್ಗೆ, ಟೈರ್ ಬಗ್ಗೆ, ಬಾಡಿಗೆ ಬಗ್ಗೆಯೂ ಬರುತ್ತವೆ. ಏರ್ ಫಿಲ್ಟರ್ ಬಗ್ಗೆ ಒಂದು ಪತ್ರವನ್ನೂ ನಾನು ನೋಡಿಲ್ಲ. ಹೋದ ವಾರ ನಮ್ಮ ಓಣಿಯ ಹುಡುಗನೊಬ್ಬ ತನ್ನ ಟಿಪ್ಪರ್‌ಗೆ ಹೊಸ ಫಿಲ್ಟರ್ ತಂದ. ಡಬ್ಬಿ ನೋಡಿದ ಕೂಡಲೇ ನನ್ನ ಎದೆ ಧಸಕ್ ಅಂತು. ಹಿಂದೆ ನಮ್ಮ ಇಂಜಿನ್ ಹಾಳು ಮಾಡಿದ್ದು ಅದೇ ಡಬ್ಬಿ. ಅದಕ್ಕೇ ಈ ಪತ್ರ.

ನಮ್ಮದು ಸಂಡೂರು ತಾಲ್ಲೂಕು. 2016ರಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಹತ್ತು ಚಕ್ರದ, 2518 ಮಾಡೆಲ್‌ನ ಟಿಪ್ಪರ್ ಒಂದಿದೆ. ನಮ್ಮ ಮನೆಯವರು ಓಡಿಸುತ್ತಾರೆ. ಲೆಕ್ಕ ನಾನು ಇಡುತ್ತೇನೆ, ಬಿಡಿಭಾಗ ತರುವುದೂ ನಾನೇ. ಗಣಿಯಿಂದ ತೋರಣಗಲ್ಲು ಕಡೆಗೆ ಅದಿರು ಹೊಡೆಯುವ ಕೆಲಸ. ಈ ಕಡೆ ಬಂದವರಿಗೆ ಇಲ್ಲಿನ ಧೂಳು ಹೇಗೆ ಅಂತ ಹೇಳಬೇಕಿಲ್ಲ. ಮರದ ಎಲೆ, ಮನೆಯ ಗೋಡೆ, ಒಣಗಲು ಹಾಕಿದ ಬಟ್ಟೆ ಎಲ್ಲಾ ಕೆಂಪು. ಮುಂದಿನ ಲಾರಿ ಎಬ್ಬಿಸಿದ ಧೂಳನ್ನೇ ಹಿಂದಿನ ಲಾರಿ ಉಸಿರಾಡುತ್ತದೆ.

ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆ ಅಂದ್ರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. ಡೀಸೆಲ್ ಇಂಜಿನ್ ಅದಕ್ಕಿಂತ ಜಾಸ್ತಿಯೇ ಎಳೆಯುತ್ತದೆ. ದಿನಕ್ಕೆ ಐವತ್ತು ಲೀಟರ್ ಡೀಸೆಲ್ ಸುಡುವ ಗಾಡಿ ಅಂದರೆ ಐದು ಲಕ್ಷ ಲೀಟರ್ ಗಾಳಿ ಆಯಿತು, ಅದೂ ನಮ್ಮ ಈ ಗಾಳಿ. ಅಷ್ಟೂ ಗಾಳಿಗೆ ಅಡ್ಡ ನಿಲ್ಲುವುದು ಒಂದು ಮಡಿಕೆ ಕಾಗದ, ಎರಡು ಬದಿ ರಬ್ಬರ್.

ನಡೆದದ್ದು ಹೀಗೆ. ಹೋದ ವರ್ಷ ಜನವರಿಯಲ್ಲಿ ಔಟರ್ ಫಿಲ್ಟರ್, ಅಂದರೆ ಎರಡರಲ್ಲಿ ಹೊರಗಿನದನ್ನು, ಬದಲಿಸುವ ಹೊತ್ತಾಗಿತ್ತು. ಒರಿಜಿನಲ್‌ಗೆ 1,750 ರೂಪಾಯಿ. ಅಂಗಡಿಯವರು ಇನ್ನೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಇದೂ ಅದೇ ಮಾಲು ರೀ ಅಕ್ಕ, ಏಳುನೂರು ಕೊಡಿ ಸಾಕು" ಅಂದರು. ಅದೇ ಬಣ್ಣ, ಅದೇ ಅಳತೆ. ಆ ತಿಂಗಳು ಮಗಳ ಫೀಸ್ ಕಟ್ಟಬೇಕಿತ್ತು. 1,050 ರೂಪಾಯಿ ಉಳಿಯಿತು ಅಂತ ತಂದೆ.

ಫೆಬ್ರವರಿ ಮುಗಿಯುವಷ್ಟರಲ್ಲಿ ಗಾಡಿಗೆ ಪಿಕಪ್ ಇಲ್ಲ. ಲೋಡ್ ಹಾಕಿ ಏರು ಹತ್ತಿಸಿದರೆ ಕಪ್ಪು ಹೊಗೆ. ಫಿಲ್ಟರ್ ಆಗಲೇ ಕಟ್ಟಿಕೊಂಡಿತ್ತು. ಕ್ರಷರ್ ಹತ್ತಿರ ಯಾರೋ ಹೇಳಿದರಂತೆ, ಒಳಗಿನ ಇನ್ನರ್ ಫಿಲ್ಟರ್ ತೆಗೆದಿಟ್ಟರೆ ಗಾಡಿ ಹಗುರಾಗಿ ಎಳೆಯುತ್ತೆ ಅಂತ. ನಮ್ಮವರು ತೆಗೆದಿಟ್ಟರು. ಗಾಡಿ ನಿಜಕ್ಕೂ ಸ್ವಲ್ಪ ಚೆನ್ನಾಗಿ ಎಳೆಯಿತು. ಎಷ್ಟೋ ಗಾಡಿಗಳಲ್ಲಿ ಇವತ್ತು ಇನ್ನರ್ ಇಲ್ಲ, ನೋಡಿ. ಅದು ಇರುವುದು ಹೊರಗಿನದು ಕೈಕೊಟ್ಟರೆ ಇಂಜಿನ್ ಕಾಯಲಿಕ್ಕೆ. ತೆಗೆದ ಮೇಲೆ ಕಾಯುವವರು ಯಾರು?

ಇಂಜಿನ್ ಕೆಡುತ್ತಿದೆ ಅಂತ ಮೊದಲು ಹೇಳಿದ್ದು ನನ್ನ ಲೆಕ್ಕದ ಪುಸ್ತಕ. ಇಂಜಿನ್ ಆಯಿಲ್ ಟಾಪ್ ಅಪ್‌ಗೆ ಅದರಲ್ಲಿ ಒಂದು ಕಾಲಂ ಇದೆ. ವರ್ಷಗಟ್ಟಲೆ ಒಂದು ಆಯಿಲ್ ಚೇಂಜ್‌ನಿಂದ ಇನ್ನೊಂದಕ್ಕೆ ಒಂದು ಲೀಟರ್ ಹಾಕಿದರೆ ಜಾಸ್ತಿ. ಮಾರ್ಚ್‌ನಲ್ಲಿ ಎರಡು ಲೀಟರ್. ಏಪ್ರಿಲ್‌ನಲ್ಲಿ ಐದು. ನೆಲದ ಮೇಲೆ ಒಂದು ಹನಿ ಬಿದ್ದಿಲ್ಲ, ಆಯಿಲ್ ಎಲ್ಲಿ ಹೋಗುತ್ತಿದೆ? ನಮ್ಮ ಮನೆಯವರಿಗೆ ಪುಸ್ತಕ ತೋರಿಸಿದೆ. ಮರುದಿನವೇ ಮೆಕ್ಯಾನಿಕ್ ಅಣ್ಣನ ಹತ್ತಿರ ಗಾಡಿ ಒಯ್ದೆವು.

ಅಣ್ಣ ಇಂಜಿನ್ ಸ್ಟಾರ್ಟ್ ಮಾಡಿ ಇಂಜಿನ್ ಒಳಗಿನ ಹೊಗೆ ಹೊರಬರುವ ಬ್ರೀದರ್ ಪೈಪ್ ಬಾಯಿಗೆ ಅಂಗೈ ಹಿಡಿದರು. ಬುಸುಬುಸು ಅಂತ ಹೊಗೆ. ಆಮೇಲೆ ಇಂಜಿನ್ ಆಫ್ ಮಾಡಿ, ಫಿಲ್ಟರ್ ಕೂರುವ ಕವಚ, ಅಂದರೆ ಏರ್ ಕ್ಲೀನರ್‌ನಿಂದ, ಇಂಜಿನ್‌ಗೆ ಗಾಳಿ ತುಂಬುವ ಟರ್ಬೊಗೆ ಹೋಗುವ ಹೋಸ್ ಬಿಚ್ಚಿದರು. "ಅಕ್ಕ, ಬೆರಳು ಹಾಕಿ ನೋಡಿ" ಅಂದರು. ಫಿಲ್ಟರ್ ದಾಟಿದ ಮೇಲಿನ ಪೈಪ್ ಅದು, ಒಳಗೆ ಶುದ್ಧವಾಗಿರಬೇಕು. ನನ್ನ ಬೆರಳಿಗೆ ಕುಂಕುಮದಷ್ಟು ನುಣ್ಣಗಿನ ಕೆಂಪು ಪುಡಿ ಬಂತು. ಸೆರಗಿಗೆ ಒರೆಸಿಕೊಂಡೆ. ಆ ಕಲೆ ಒಗೆದರೂ ಹೋಗಲಿಲ್ಲ.

ಫಿಲ್ಟರ್ ಹೊರಗೆ ತೆಗೆದಾಗ ಕಾರಣ ಕಣ್ಣಿಗೇ ಕಂಡಿತು. ಸರಿಯಾಗಿ ಕೂತ ಫಿಲ್ಟರ್‌ನ ರಬ್ಬರ್ ಮೇಲೆ ಕವಚದ ಅಂಚಿನ ಗುರುತು ಬಳೆಯ ಹಾಗೆ ಸುತ್ತಲೂ ಸಮನಾಗಿ ಬಿದ್ದಿರುತ್ತದೆ. ನಮ್ಮದರಲ್ಲಿ ಗುರುತು ಮುಕ್ಕಾಲು ಭಾಗಕ್ಕೆ ಮಾತ್ರ ಇತ್ತು. ಉಳಿದ ಕಾಲು ಭಾಗದಲ್ಲಿ ರಬ್ಬರ್ ಕಲ್ಲಿನಂತೆ ಗಟ್ಟಿ, ಅದರ ಮೇಲೆ ಒಳಗಡೆಗೆ ಎಳೆದ ಕೆಂಪು ಗೆರೆಗಳು. ಧೂಳಿಗೆ ಕಾಗದ ದಾಟುವ ಕಷ್ಟವೇ ಇರಲಿಲ್ಲ, ಪಕ್ಕದ ಸಂದಿಯಿಂದ ಆರಾಮಾಗಿ ಹೋಗಿದೆ. ಒಳಗೆ ಹೋದ ಧೂಳು ಆಯಿಲ್ ಜೊತೆ ಸೇರಿ ವಾಲ್ವ್ ಉಜ್ಜುವ ಪೇಸ್ಟ್ ಥರ ಆಗುತ್ತದೆ. ರಿಂಗ್, ಲೈನರ್, ಬೇರಿಂಗ್ ಎಲ್ಲವನ್ನೂ ಸವೆಸುತ್ತದೆ. ಟರ್ಬೊ ರೆಕ್ಕೆಗಳ ಅಂಚು ಉಪ್ಪುಕಾಗದದಲ್ಲಿ ತಿಕ್ಕಿದ ಹಾಗಾಗಿತ್ತು.

ಇಂಜಿನ್ ಪೂರ್ತಿ ಬಿಚ್ಚಿಸಬೇಕಾಯಿತು. ಟರ್ಬೊ ಸೇರಿ 1,86,000 ರೂಪಾಯಿ. 23 ದಿನ ಗಾಡಿ ನಿಂತಿತು. ಆ ತಿಂಗಳ ಕಂತಿಗೆ ನನ್ನ ಬಳೆ ಅಡ ಇಟ್ಟೆ.

ಈಗ ನಾನು ಫಿಲ್ಟರ್ ತರುವ ರೀತಿಯೇ ಬೇರೆ. ಹಳೆಯ ಒರಿಜಿನಲ್ ಫಿಲ್ಟರ್ ಒಂದನ್ನು ತೊಳೆಯದೆ ಹಾಗೇ ಇಟ್ಟಿದ್ದೇನೆ, ಅದನ್ನೂ ಒಂದು ಸ್ಟೀಲ್ ಸ್ಕೇಲನ್ನೂ ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ. "2518ಕ್ಕೆ ಫಿಲ್ಟರ್ ಕೊಡಿ" ಅಂತ ಕೇಳಿದರೆ ಸಾಲದು. ಅದೇ ಹೆಸರಿನ ಗಾಡಿಯಲ್ಲೂ ವರ್ಷ, ಇಂಜಿನ್ ಬದಲಾದರೆ ಕವಚ ಬದಲಾಗಿರುತ್ತದೆ. ಪಾರ್ಟ್ ನಂಬರ್ ಹೇಳಿಯೇ ಕೇಳಬೇಕು. ಹೊಸದು ಬಂದ ಮೇಲೆ ಉದ್ದ, ಹೊರಗಿನ ಅಗಲ, ಒಳಗಿನ ತೂತಿನ ಅಗಲ ಮೂರನ್ನೂ ಹಳೆಯದಕ್ಕೆ ಹೋಲಿಸುತ್ತೇನೆ. ಎರಡು ಮಿಲಿಮೀಟರ್ ವ್ಯತ್ಯಾಸ ಬಂದರೂ ವಾಪಸ್.

ಆಮೇಲೆ ರಬ್ಬರ್. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ, ಬಿಟ್ಟ ಕೂಡಲೇ ಮೇಲೆ ಬರಬೇಕು. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಕಾಗದ ಎಷ್ಟೇ ಚೆನ್ನಾಗಿದ್ದರೂ ರಬ್ಬರ್ ಕೂರದಿದ್ದರೆ ದುಡ್ಡು ದಂಡ. ಕಾಗದದ ಮಡಿಕೆಗಳು ಬಾಚಣಿಗೆ ಹಲ್ಲಿನ ಹಾಗೆ ಸಮ ದೂರದಲ್ಲಿ ಇರಬೇಕು. ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಬಾಯಿ ಬಿಟ್ಟುಕೊಂಡಿದ್ದರೆ ಬೇಡ. ನಮ್ಮ ಇಂಜಿನ್ನನ್ನೇ ತಿಂದ ಫಿಲ್ಟರ್‌ನ ಮಡಿಕೆಗಳನ್ನು ಒಂದು ರಾತ್ರಿ ಕೂತು ಎಣಿಸಿದೆ. 140 ಇದ್ದವು. ಒರಿಜಿನಲ್‌ನಲ್ಲಿ 190. ಹೊರಗಿಂದ ನೋಡಿದರೆ ಒಂದೇ ಗಾತ್ರ, ಒಳಗೆ ಕಾಲು ಭಾಗ ಕಾಗದವೇ ಇಲ್ಲ. ಎರಡು ತಿಂಗಳೂ ಆಗದೆ ಅದು ಕಟ್ಟಿಕೊಂಡದ್ದು ಯಾಕೆ ಅಂತ ಆಗ ಗೊತ್ತಾಯಿತು.

ಕೊನೆಗೆ ಮೊಬೈಲ್ ಟಾರ್ಚ್ ಹಾಕಿ ಫಿಲ್ಟರ್ ಒಳಗೆ ಇಳಿಬಿಟ್ಟು ಸುತ್ತ ತಿರುಗಿಸುತ್ತೇನೆ. ಕಾಗದದಿಂದ ಮಂದ ಬೆಳಕು ಎಲ್ಲಾ ಕಡೆ ಒಂದೇ ಸಮ ಬರಬೇಕು. ನಕ್ಷತ್ರದ ಹಾಗೆ ಒಂದು ಚುಕ್ಕಿ ಹೊಳೆದರೂ ಅಲ್ಲಿ ತೂತಿದೆ. ಅಂಟು ಬಿಟ್ಟ ಜಾಗವೂ ಹೀಗೇ ಕಾಣುತ್ತದೆ. ಇದನ್ನು ಮಾಡಲು ಬಿಡದ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

ಯಾವಾಗಲೂ ಗಾಡಿ ಕಂಪನಿಯ ಡಬ್ಬಿಯೇ ಆಗಬೇಕು ಅಂತ ನನ್ನ ಮಾತಲ್ಲ. ಡೊನಾಲ್ಡ್‌ಸನ್, ಫ್ಲೀಟ್‌ಗಾರ್ಡ್, ಮಾನ್ ಥರದ ಫಿಲ್ಟರ್ ತಯಾರಿಸುವ ಕಂಪನಿಗಳು ತಮ್ಮದೇ ಹೆಸರಲ್ಲೂ ಮಾರುತ್ತವೆ. ನಮ್ಮ ಪಾರ್ಟ್ ನಂಬರ್‌ಗೆ ಸರಿಹೊಂದುವುದು ಸಿಕ್ಕಿದರೆ ಧೈರ್ಯವಾಗಿ ತಗೊಳ್ಳಬಹುದು. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್ಒ 5011 ಅಂತ ಒಂದು ಮಾನದಂಡ ಇದೆ. ಎಷ್ಟು ಧೂಳು ತಡೆಯುತ್ತದೆ, ಎಷ್ಟು ಹಿಡಿದುಕೊಳ್ಳುತ್ತದೆ, ಗಾಳಿಗೆ ಎಷ್ಟು ತಡೆ ಒಡ್ಡುತ್ತದೆ ಅಂತ ಅದರ ಪ್ರಕಾರ ಅಳೆಯುತ್ತಾರೆ. ಕಂಪನಿಯ ಹಾಳೆಯಲ್ಲಿ ಆ ಹೆಸರು ಕಂಡರೆ ನನಗೆ ಸಮಾಧಾನ. ತೊಳೆದು ಎಣ್ಣೆ ಹಚ್ಚಿ ಮತ್ತೆ ಮತ್ತೆ ಹಾಕುವ ಬಟ್ಟೆ ಫಿಲ್ಟರ್ ಬಗ್ಗೆ ಫೋನ್‌ನಲ್ಲಿ ವಿಡಿಯೊ ಬರುತ್ತವೆ. ಕೆಂಪು ಧೂಳಿನಲ್ಲಿ ದುಡಿಯುವ ಗಾಡಿಗೆ ನಾನಂತೂ ಅದನ್ನು ಹಾಕಿಸುವುದಿಲ್ಲ. ನಮ್ಮ ಮಾವನ ಕಾಲದ ಲಾರಿಯಲ್ಲಿ ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇತ್ತು. ಭಾನುವಾರ ಬಟ್ಟಲು ಬಿಚ್ಚಿ, ತಳದಲ್ಲಿ ಕೂತ ಕೆಸರು ಕೆರೆದು, ಡೀಸೆಲ್‌ನಲ್ಲಿ ತೊಳೆದು ಹೊಸ ಆಯಿಲ್ ಹಾಕುತ್ತಿದ್ದರು. ಅವರು ಆ ಕೆಸರು ತೋರಿಸಿ, "ಇದು ಇಂಜಿನ್ ಒಳಗೆ ಹೋಗಬೇಕಾಗಿದ್ದು" ಅನ್ನುತ್ತಿದ್ದರಂತೆ.

ಇನ್ನೊಂದು ಮಾತು ಹೇಳದಿದ್ದರೆ ಆಗದು. ಒಳ್ಳೆ ಫಿಲ್ಟರ್ ತಂದು ಅದನ್ನು ನಾವೇ ಕೊಲ್ಲುತ್ತೇವೆ. ಪಂಕ್ಚರ್ ಅಂಗಡಿ ಮುಂದೆ ನಿಂತು ನೋಡಿ. ಹುಡುಗರು ಫಿಲ್ಟರ್ ತೆಗೆದು ಟೈರಿಗೆ ಪಟಪಟ ಬಡಿಯುತ್ತಾರೆ. ಆಮೇಲೆ ಟೈರ್‌ಗೆ ಹೊಡೆಯುವ ಗಾಳಿಯನ್ನೇ ಕಾಗದಕ್ಕೆ ಹೊಡೆಯುತ್ತಾರೆ. ಲಾರಿ ಟೈರ್ ಗಾಳಿಯ ಒತ್ತಡ ನೂರು ಪೌಂಡ್ ಮೇಲೆ ಇರುತ್ತದೆ. ಫಿಲ್ಟರ್‌ಗೆ ಹೊಡೆಯಲೇಬೇಕು ಅಂದರೆ ಮೂವತ್ತು ಪೌಂಡ್ ದಾಟಬಾರದು, ಅದೂ ಒಳಗಿಂದ ಹೊರಕ್ಕೆ, ದೂರದಿಂದ. ಹೊಡೆಯಲೇಬೇಡಿ ಅನ್ನುವ ಕಂಪನಿಗಳೂ ಇವೆ. ಇನ್ನರ್‌ಗಂತೂ ಗಾಳಿ ಹೊಡೆಯುವ ಹಾಗೇ ಇಲ್ಲ. ಔಟರ್ ಮೂರು ಸಲ ಬದಲಾದಾಗ ಇನ್ನರ್ ಒಂದು ಸಲ ಹೊಸದು ಹಾಕಿಸುತ್ತೇನೆ.

ಕೊಳೆಯಾಗಿ ಕಂಡ ಫಿಲ್ಟರ್ ಕೆಟ್ಟಿದೆ ಅಂತಲೂ ಅಲ್ಲ. ಕಾಗದದ ಮೇಲೆ ಕೂತ ತೆಳ್ಳನೆ ಧೂಳಿನ ಪದರ ತಾನೇ ಇನ್ನಷ್ಟು ಧೂಳು ತಡೆಯುತ್ತದೆ. ದಿನಾ ಬಿಚ್ಚಿ ನೋಡಿದರೆ ಪ್ರತಿ ಸಲವೂ ಒಂದಿಷ್ಟು ಧೂಳು ಒಳಗೆ ಉದುರುತ್ತದೆ. ಏರ್ ಕ್ಲೀನರ್ ಮೇಲೆ ಒಂದು ಚಿಕ್ಕ ಇಂಡಿಕೇಟರ್ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಅದರ ಗಾಜಿನಲ್ಲಿ ಕೆಂಪು ಪಟ್ಟಿ ಬರುತ್ತದೆ. ನಮ್ಮದು ಎಂದೋ ಒಡೆದುಹೋಗಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಹೊಸದು ಹಾಕಿಸಿದ್ದೇವೆ. ಕವಚದ ಕೆಳಗೆ ರಬ್ಬರ್ ತುಟಿ ಒಂದಿರುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನಮ್ಮವರು ಅದನ್ನು ಹಿಂಡುತ್ತಾರೆ. ಒಂದು ಹಿಡಿ ಕೆಂಪು ಮಣ್ಣು ಸುರಿಯುತ್ತದೆ. ಆ ತುಟಿ ಹರಿದಿದ್ದರೂ, ಮಣ್ಣು ಮೆತ್ತಿ ಮುಚ್ಚಿಕೊಂಡಿದ್ದರೂ ಅಷ್ಟೂ ಮಣ್ಣಿನ ಭಾರ ಫಿಲ್ಟರ್ ಮೇಲೆಯೇ ಬೀಳುತ್ತದೆ.

ಈಗ ನನ್ನ ಬೇಡಿಕೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ, ದೂರು ಕೊಡಲು ನಂಬರ್ ಇರಲೇಬೇಕು ಅಂತ 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ನಾವು ತಂದ ಡಬ್ಬಿಯಲ್ಲಿ ಎಂಆರ್‌ಪಿ ಒಂದೇ ಇತ್ತು, ಅದೂ ಸ್ಟಿಕ್ಕರ್. ಬೇರೆ ಕಂಪನಿಯ ಗುರುತನ್ನು ಕದ್ದು ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಿರಾಣಿ ಅಂಗಡಿ ತಕ್ಕಡಿ ನೋಡುವ ಹಾಗೆ ಗಣಿ ಭಾಗದ ಬಿಡಿಭಾಗದ ಅಂಗಡಿಗಳಿಗೂ ಒಮ್ಮೆ ಬರಲಿ.

ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವ ಅಣ್ಣಂದಿರಿಗೆ ಒಂದು ವಿಷಯ. "ನಿಮ್ಮದು ವ್ಯಾಪಾರ, ನೀವು ಗ್ರಾಹಕರಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡ ವಸ್ತುವಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ಬಿಲ್ ಕೈಯಲ್ಲಿರಬೇಕು. ನನ್ನ ಹತ್ತಿರ ಅವತ್ತು ಇದ್ದದ್ದು ಹಿಂದುಗಡೆ 700 ಅಂತ ಬರೆದ ಸಿಗರೇಟ್ ಪ್ಯಾಕಿನ ತುಂಡು. ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ?

ಓಣಿಯ ಹುಡುಗನಿಗೆ ಆ ಡಬ್ಬಿಯನ್ನು ಗಾಡಿಗೆ ಹಾಕಲು ನಾನು ಬಿಡಲಿಲ್ಲ. ಅವನ ಜೊತೆ ಕೂತು ಮಡಿಕೆ ಎಣಿಸಿದೆ. 138 ಬಂದವು. ಆ ಫಿಲ್ಟರ್, ನಮ್ಮ ಹಳೆಯದು, ಜೊತೆಗೆ ಒಂದು ಒರಿಜಿನಲ್, ಮೂರೂ ನಮ್ಮ ಜಗುಲಿಯ ಮೇಲಿವೆ. ಇಲಾಖೆಯವರು ಬಂದರೆ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ದಯವಿಟ್ಟು ಕೊಡಿ.

ಇಂತಿ,
ಟಿಪ್ಪರ್ ಮಾಲೀಕರ ಮನೆಯಾಕೆ
ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ