ವರ್ನರ್ ಕ್ಯಾಲೋ ಅವರ ಸಂಶೋಧನೆ ನಮ್ಮಲ್ಲೂ ಬಳಕೆಯಾಗಲಿ

ಮಾನ್ಯ ಸಂಪಾದಕರೇ,

ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್‌ನ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿಯಬೇಕು. ಅದು ಕೆಲವರಲ್ಲಿ ಮಾತ್ರ ಗಂಟೆಗಟ್ಟಲೆ ಉಳಿದು ಉಸಿರಾಟವನ್ನೇ ತಡೆಯುವುದೇಕೆ ಎಂಬ ಪ್ರಶ್ನೆಯ ಬೆನ್ನುಹತ್ತಿದ ವರ್ನರ್ ಕ್ಯಾಲೋ, ಈ ಔಷಧವನ್ನು ಒಡೆಯುವ, ರಕ್ತದಲ್ಲಿರುವ ಕೋಲಿನೆಸ್ಟರೇಸ್ ಕಿಣ್ವದ ಆನುವಂಶಿಕ ವ್ಯತ್ಯಾಸವೇ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟರು. ಜರ್ಮನಿಯಲ್ಲಿ ಹುಟ್ಟಿ, ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ದುಡಿದ ಅವರು 1957ರಲ್ಲಿ ಪ್ರಕಟಿಸಿದ ಡೈಬುಕೇನ್ ಪರೀಕ್ಷೆ (ಈ ಕಿಣ್ವದ ವ್ಯತ್ಯಾಸವನ್ನು ಪತ್ತೆಹಚ್ಚುವ ರಕ್ತಪರೀಕ್ಷೆ), ಔಷಧಗಳ ಪರಿಣಾಮ ಆನುವಂಶಿಕವಾಗಿ ಒಬ್ಬರಿಂದೊಬ್ಬರಿಗೆ ಬದಲಾಗುವುದನ್ನು ಅಧ್ಯಯನ ಮಾಡುವ ಫಾರ್ಮಕೊಜೆನೆಟಿಕ್ಸ್ ಎಂಬ ಶಾಸ್ತ್ರಕ್ಕೆ ತಳಹದಿಯಾಯಿತು.

ಈ ಕಿಣ್ವದ ಕೊರತೆಯುಳ್ಳವರು ದಿನನಿತ್ಯದ ಬದುಕಿನಲ್ಲಿ ಆರೋಗ್ಯವಾಗಿಯೇ ಇರುವುದರಿಂದ ಅದು ಮೊದಲೇ ತಿಳಿಯುವುದಿಲ್ಲ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಇದು ಹೆಚ್ಚಾಗಿ ಕಂಡುಬಂದಿರುವುದಾಗಿ ಅಧ್ಯಯನಗಳು ದಾಖಲಿಸಿವೆ. ಆದ್ದರಿಂದ ಅರಿವಳಿಕೆಗೆ ಮುನ್ನ ವೈದ್ಯರು ಕುಟುಂಬದಲ್ಲಿ ಯಾರಿಗಾದರೂ ಇಂಥ ತೊಂದರೆಯಾಗಿತ್ತೇ ಎಂದು ತಪ್ಪದೆ ವಿಚಾರಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಸುಲಭವಾಗಿ ದೊರೆಯುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಬೇಕು.

– ಓದುಗರೊಬ್ಬರು, ಬಳ್ಳಾರಿ